ಅವ್ವ ಅರ್ಧಕ್ಕೆ ಬಿಟ್ಟ ಕೌದಿ: ಕೈಯಲ್ಲೇ ಮುಗಿಸಲೋ, ಮಷೀನಿಗೆ ಹಾಕಲೋ?

ಕೌದಿ_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ, ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮದು ಬೈಲಹೊಂಗಲ ಕಡೆ ಹಳ್ಳಿ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದು 18 ವರ್ಷ ಆಯಿತು. ಅವ್ವ ತೀರಿಕೊಂಡು ಎರಡು ವರ್ಷ. ಹೋದ ತಿಂಗಳು ಊರ ಮನೆ ಖಾಲಿ ಮಾಡುವಾಗ ಅವಳ ಟ್ರಂಕು ನನ್ನ ಪಾಲಿಗೆ ಬಂತು. ಒಳಗೆ ಏನಿದೆ ಅಂತ ಅಣ್ಣನೂ ನೋಡಿರಲಿಲ್ಲ. ತೆಗೆದರೆ ಮೇಲೆ ಬೇವಿನ ಸೊಪ್ಪು, ಒಣಗಿ ಪುಡಿ ಆಗಿದೆ. ಕೆಳಗೆ 20-22 ಸೀರೆ, ಅಪ್ಪನ ನಾಲ್ಕು ಧೋತರ, ನನ್ನ ಲಂಗದ ತುಂಡುಗಳು, ಎಲ್ಲದಕ್ಕಿಂತ ಕೆಳಗೆ ಒಂದು ಅರ್ಧ ಹೊಲಿದ ಕೌದಿ, ಅಂದರೆ ಹಳೆಯ ಬಟ್ಟೆ ಪದರ ಪದರ ಸೇರಿಸಿ ಹೊಲಿಯುವ ಹೊದಿಕೆ.

ಅವ್ವನಿಗೆ ಜೀವನದಲ್ಲಿ ಎರಡೇ ಹುಚ್ಚು, ಹೊಲಿಗೆ ಮತ್ತು ಅಡುಗೆ. ಹೊಲದ ಕೆಲಸ ಕಡಿಮೆ ಇದ್ದ ದಿನಗಳಲ್ಲಿ ಮಧ್ಯಾಹ್ನ ಊಟ ಆದಮೇಲೆ ಪಡಸಾಲೆಯಲ್ಲಿ ಕೌದಿ ಹಾಸಿ ಕೂರುತ್ತಿದ್ದಳು. ಓಣಿಯ ಇಬ್ಬರು ಮೂವರು ಬಂದು ಸೇರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಬದಿ ಹಿಡಿಯುತ್ತಿದ್ದರು. ಕೌದಿ ಮುಗಿಯುವ ದಿನ ಮಾದಲಿ (ಗೋಧಿ, ಬೆಲ್ಲದ ಸಿಹಿ) ಮಾಡುತ್ತಿದ್ದಳು, ಅದು ಮಾತ್ರ ತಪ್ಪುತ್ತಿರಲಿಲ್ಲ. ಕೌದಿ ಮುಗಿಯಿತು ಅಂತ ನಮಗೆ ಗೊತ್ತಾಗುತ್ತಿದ್ದದ್ದೇ ಶಾಲೆಯಿಂದ ಬಂದಾಗ ಏಲಕ್ಕಿ ವಾಸನೆ ಬಡಿದಾಗ.

ಈಗ ಈ ಅರ್ಧ ಕೌದಿ ಹೇಗಿದೆ ಅಂತ ಹೇಳುತ್ತೇನೆ. ಉದ್ದ 7 ಅಡಿ, ಅಗಲ 5 ಅಡಿ. ಅಂಚಿನಿಂದ ಸುತ್ತು ಹಾಕುತ್ತಾ ಒಳಗೆ ಬಂದಿದ್ದಾಳೆ. ನಡುವೆ ಸುಮಾರು 4 ಅಡಿ ಉದ್ದ, ಎರಡೂವರೆ ಅಡಿ ಅಗಲ ಉಳಿದಿದೆ. ದಪ್ಪ ಬಿಳಿ ನೂಲು, ಮುಟ್ಟಿದರೆ ಮೇಣ ಹಚ್ಚಿದ್ದು ಗೊತ್ತಾಗುತ್ತದೆ. ಸೂಜಿ ಇನ್ನೂ ಅದರಲ್ಲೇ ಇದೆ. ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿದೆ. ಇನ್ನೊಂದು ವಿಷಯ, ಒಂದು ಮೂಲೆ ಹೊಲಿಯುವುದನ್ನೇ ಮರೆತಿದ್ದಾಳೆ. ಉಳಿದ ಮೂರು ಮೂಲೆ ಗಟ್ಟಿ ಇವೆ, ಇದೊಂದು ಬಾಯಿ ತೆರೆದ ಚೀಲದ ಹಾಗಿದೆ. ಕಡೆಕಡೆಗೆ ಅವಳಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ, ಅದಕ್ಕೇ ಹೀಗಾಗಿರಬೇಕು.

ನನ್ನ ಪ್ರಶ್ನೆಗಳು:

ಇದನ್ನು ಕೈಯಲ್ಲೇ ಮುಗಿಸಬೇಕಾ, ಮಷೀನಿನಲ್ಲಿ ಹೊಲಿದರೆ ನಡೆಯುತ್ತದಾ? ನನ್ನ ಹತ್ತಿರ ಅವ್ವನದೇ ಹಳೆಯ ಉಷಾ ಕಾಲು ಮಷೀನು ಇದೆ, ಚೆನ್ನಾಗಿಯೇ ಓಡುತ್ತದೆ. ನನಗೆ ಬ್ಲೌಸು, ಫಾಲ್, ಮಕ್ಕಳ ಫ್ರಾಕು ಎಲ್ಲ ಬರುತ್ತದೆ, ಆದರೆ ಕೌದಿ ಯಾವತ್ತೂ ಒಬ್ಬಳೇ ಹೊಲಿದಿಲ್ಲ. ಉಳಿದ ಸೀರೆಗಳಿಂದ ಮಗಳಿಗೆ ಇನ್ನೊಂದು ಕೌದಿ ಮಾಡುವ ಆಸೆಯೂ ಇದೆ, ಯಾವ ಸೀರೆ ಹಾಕಬಹುದು, ಯಾವುದು ಬೇಡ?

ಕೊನೆಯದು. ನನ್ನ ಬಾಣಂತನಕ್ಕೆ ಅವ್ವ ಕೊಟ್ಟ ಹಳೆಯ ಕೌದಿ ಒಂದಿದೆ. ಅದರ ಒಂದು ಮೂಲೆ ಹಿಸುಕಿದರೆ ಒಳಗೆ ಏನೋ ಸಣ್ಣದು ಗರಗರ ಅನ್ನುತ್ತದೆ. ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಬಿಚ್ಚಿ ನೋಡಲಾ?

ಗುರೆಳ್ಳುಚಟ್ನಿ

ತಂಗಿ, ಮೊದಲು ಕೊನೆಯ ಪ್ರಶ್ನೆಗೆ ಹೇಳುತ್ತೇನೆ. ಬಿಚ್ಚಬೇಡ.

ಅದು ರೊಟ್ಟಿ ಚೂರು. ಧಾರವಾಡ ಕಡೆ ನಮ್ಮ ಮನೆಯಲ್ಲೂ ಹೀಗೇ. ಕೌದಿ ಪೂರ್ತಿ ಆಗುವ ಹೊತ್ತಿಗೆ ಒಂದು ಮೂಲೆ ಹಾಗೇ ಬಿಟ್ಟಿರುತ್ತಾರೆ. ಕೊನೆಯ ದಿನ ಅದರೊಳಗೆ ಒಣಗಿದ ರೊಟ್ಟಿಯ ಚೂರೋ, ಹೋಳಿಗೆ ಚೂರೋ, ನಾಲ್ಕು ಜೋಳದ ಕಾಳೋ ಇಟ್ಟು ಬಾಯಿ ಹೊಲಿಯುತ್ತಾರೆ. ಕೌದಿ ಹಸಿದಿರಬಾರದು ಅನ್ನುತ್ತಿದ್ದರು ನಮ್ಮ ಆಯಿ. ಹೊದ್ದವರ ಹೊಟ್ಟೆ ತಣ್ಣಗಿರಬೇಕಾದರೆ ಕೌದಿಯ ಹೊಟ್ಟೆ ಮೊದಲು ತುಂಬಬೇಕು ಅಂತ. ನಾವು ಮಕ್ಕಳಿದ್ದಾಗ ಆ ಚೂರು ಇಡುವುದಕ್ಕೆ ಜಗಳ ಆಡುತ್ತಿದ್ದೆವು.

ಈಗ ಗೊತ್ತಾಯಿತಲ್ವಾ? ನಿಮ್ಮವ್ವ ಮೂಲೆ ಮರೆತಿಲ್ಲ. ಕಣ್ಣು ಕಾಣದೆ ಬಿಟ್ಟಿದ್ದೂ ಅಲ್ಲ. ಬೇಕಂತಲೇ ಬಿಟ್ಟಿದ್ದಾರೆ. ಅದನ್ನು ನೀನು ತುಂಬಬೇಕು.

ಇನ್ನು ಹೊಲಿಗೆ ಮಾತು. ಕೈಯಲ್ಲೇ ಮಾಡು. ಅವರ ಸುತ್ತು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮುಂದುವರಿಸು. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಕೌದಿ ಪೂರ್ತಿ ಬಿಡಿಸಿ ಹಾಸು. ನಾಲ್ಕು ಕಡೆ ಭಾರ ಇಡು, ಕುಟ್ಟುವ ಕಲ್ಲು, ತಾಮ್ರದ ತಂಬಿಗೆ, ಏನಾದರೂ ಆಗುತ್ತದೆ. ಮಂಚದ ಮೇಲೆ ಹೊಲಿಯಲು ಹೋಗಬೇಡ, ಒಳಗಿನ ಪದರ ಮಡಿಚಿಕೊಂಡು ಬಿಡುತ್ತದೆ, ಅದು ನಿನಗೆ ಗೊತ್ತಾಗುವುದು ಮುಗಿದ ಮೇಲೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಒಂದು ಬೆರಳು ಅಂತರ. ಅವರ ಸಾಲು ಅಳೆದು ನೋಡು, ಅಷ್ಟೇ ಇರುತ್ತದೆ. ನೂಲು ಒಂದು ಮೊಳಕ್ಕಿಂತ ಜಾಸ್ತಿ ತಗೋಬೇಡ, ಸಿಕ್ಕಾಗುತ್ತದೆ. ಜೇನುಮೇಣದ ಮೇಲೆ ಎರಡು ಸಲ ಎಳೆದುಕೋ.

ತುಕ್ಕು ಹಿಡಿದ ಸೂಜಿಯನ್ನು ಜಗ್ಗಬೇಡ. ಹಳೆಯ ಬಟ್ಟೆ, ಎಳೆದರೆ ಹರಿಯುತ್ತದೆ. ಸೂಜಿಯ ಎರಡೂ ಕಡೆ ಒಂದೊಂದು ಎಳೆ ಕತ್ತರಿಸಿ ನಿಧಾನ ಬಿಡಿಸು. ಕಲೆ ಉಳಿದರೆ ನಿಂಬೆಹಣ್ಣು ಉಪ್ಪು ಹಚ್ಚಿ ತಿಕ್ಕುವವರಿದ್ದಾರೆ, ತುಕ್ಕು ಹೋಗುತ್ತದೆ, ಆದರೆ ಬಣ್ಣದ ಸೀರೆಯಾದರೆ ಬಣ್ಣವೂ ಹೋಗಬಹುದು. ಅದರ ಬದಲು ಕಲೆಯ ಮೇಲೆ ನಿನ್ನ ಲಂಗದ ಒಂದು ತುಂಡು ಇಟ್ಟು ತೇಪೆ ಹಾಕು. ಕೌದಿ ಅಂದರೇ ತೇಪೆ, ಚೆಂದವೇ ಕಾಣುತ್ತದೆ.

ಕೌದಿ_ಮಗಳು

ಅಕ್ಕಾ, ನಿಮ್ಮ ಉತ್ತರ ಆಫೀಸಿನಲ್ಲಿ ಓದಿದೆ, ಆಮೇಲೆ ಕೆಲಸ ಮಾಡಲು ಆಗಲಿಲ್ಲ. ಟ್ರಂಕು ತೆಗೆದಾಗಿನಿಂದ ಆ ಮೂಲೆಯನ್ನು ಅವಳ ಕಾಯಿಲೆಯ ಜೊತೆ ಸೇರಿಸಿ ನೋಡುತ್ತಿದ್ದೆ. ಮನೆಗೆ ಬಂದು ಬಾಣಂತನದ ಕೌದಿಯ ಮೂಲೆ ಮತ್ತೆ ಹಿಸುಕಿ ನೋಡಿದೆ. 16 ವರ್ಷ ಆಯಿತು, ಇನ್ನೂ ಗರಗರ ಅನ್ನುತ್ತಿದೆ.

ದಾವಣಗೆರೆ_ಟೈಲರ್

ಮೇಡಂ, ನಾನು 31 ವರ್ಷದಿಂದ ಟೈಲರಿಂಗ್ ಮಾಡುತ್ತಿದ್ದೇನೆ. ಮಷೀನು ನನ್ನ ಅನ್ನ. ಆದರೂ ಹೇಳುತ್ತೇನೆ, ಈ ಕೌದಿ ಮಷೀನಿಗೆ ಹಾಕಬೇಡಿ. ಕಾರಣ ಹೇಳದಿದ್ದರೆ ಸುಮ್ನೆ ಭಾವನೆಗೆ ಹೇಳಿದ ಹಾಗಾಗುತ್ತದೆ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಮಷೀನಿನ ಹೊಲಿಗೆಯಲ್ಲಿ ಎರಡು ದಾರ. ಮೇಲಿನದು ಒಂದು, ಬಾಬಿನ್ನಿಂದ ಬರುವುದು ಒಂದು. ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಹೊಸ ಬಟ್ಟೆಗೆ ಅದು ಒಳ್ಳೆಯದು. ಆದರೆ ನೂರಾರು ಸಲ ಒಗೆದು ತೆಳ್ಳಗಾದ ಸೀರೆಯಲ್ಲಿ, ಸೂಜಿ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ತೂತು ಮಾಡುತ್ತಾ ಹೋದರೆ ಆ ಗೆರೆಯೇ ಮುಂದೆ ಹರಿಯುವ ಜಾಗ. ಅಂಚೆ ಚೀಟಿ ಹರಿಯುವುದಕ್ಕೆ ತೂತು ಇರುತ್ತವಲ್ಲ, ಹಾಗೆ. ಕೈ ಹೊಲಿಗೆ ಒಂದೇ ದಾರ, ಮೇಲೆ ಕೆಳಗೆ ಹೋಗುತ್ತದೆ, ಸಡಿಲ ಇರುತ್ತದೆ, ಮಲಗಿದವರು ಹೊರಳಿದರೆ ಬಟ್ಟೆ ಜೊತೆ ಅದೂ ಹೊರಳುತ್ತದೆ. ಇನ್ನೊಂದು ತೊಂದರೆ, ಮಷೀನಿನಲ್ಲಿ ಕೆಳಗಿನ ಹಲ್ಲು ಕೆಳಪದರವನ್ನು ಮುಂದೆ ತಳ್ಳುತ್ತದೆ, ಮೇಲಿನ ಪದರ ಹಿಂದೆ ಉಳಿಯುತ್ತದೆ. ಐದಾರು ಪದರ ಇದ್ದರೆ ಸುಕ್ಕು ಬರದೆ ಇರುವುದಿಲ್ಲ.

ನಡುವೆ ಉಳಿದಿರುವುದು 4 ಅಡಿಗೆ ಎರಡೂವರೆ ಅಡಿ ಅಂದಿದ್ದೀರಿ. ಬೆರಳು ಅಂತರ ಅಂದರೆ ಸುಮಾರು 2 ಸೆಂ.ಮೀ. ಲೆಕ್ಕ ಹಾಕಿದರೆ 45 ಮೀಟರ್ ಹೊಲಿಗೆ ಬಾಕಿ ಇದೆ. ಹೊಸಬರು ಗಂಟೆಗೆ ಒಂದೂವರೆ ಎರಡು ಮೀಟರ್ ಹೊಲಿಯಬಹುದು. ದಿನಕ್ಕೆ ಒಂದು ಗಂಟೆ ಕೂತರೆ ಒಂದು ತಿಂಗಳ ಕೆಲಸ, ಹೆದರುವಷ್ಟಿಲ್ಲ.

ಮಗಳ ಕೌದಿಗೆ ಮಾತ್ರ ಮಷೀನು ಬಳಸಿ, ಆದರೆ ತುಂಡು ಜೋಡಿಸುವುದಕ್ಕೆ ಮಾತ್ರ. ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಪನ್ನ. ನಡುವೆ ಕತ್ತರಿಸಿ ಎರಡೂ ತುಂಡನ್ನು ಪಕ್ಕಪಕ್ಕ ಜೋಡಿಸಿದರೆ 2.75 ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದ ಒಂದು ದೊಡ್ಡ ಪದರ ಸಿಗುತ್ತದೆ. ಒಬ್ಬರ ಕೌದಿಗೆ ಇಷ್ಟು ಬೇಡ, ಹಾಗಾಗಿ ಒಂದು ಸೀರೆಯಲ್ಲಿ ಎರಡು ಪದರ ಬರುತ್ತದೆ. ಒಳಗೆ ಅಪ್ಪನ ಧೋತರ ಹಾಕಿ. ಐದು ಪದರ ಸಾಕು. ಅದಕ್ಕಿಂತ ಜಾಸ್ತಿ ಆದರೆ ಹೊಲಿಯುವಾಗ ಬೆರಳು ನೋಯುತ್ತದೆ, ಒಗೆಯುವಾಗ ಎತ್ತಲೂ ಆಗುವುದಿಲ್ಲ. ಪದರ ಎಲ್ಲ ಹಾಸಿದ ಮೇಲೆ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಗಟ್ಟಿ ಹೊಲಿಗೆ ಶುರು ಮಾಡಿ.

ಪೂರ್ತಿ ಹತ್ತಿ ಸೀರೆ ಮಾತ್ರ ಹಾಕಿ. ನೈಲೆಕ್ಸ್, ಪಾಲಿಯೆಸ್ಟರ್ ಬೇಡ. ಪದರ ಜಾರುತ್ತದೆ, ಬೆವರು ಹೀರುವುದಿಲ್ಲ, ಮಗುವಿಗೆ ಸೆಕೆ ಆಗುತ್ತದೆ. ರೇಷ್ಮೆ ಹಳೆಯದಾದರೆ ಮಡಿಕೆಯಲ್ಲೇ ಸೀಳುತ್ತದೆ, ಅದೂ ಬೇಡ. ಗಂಜಿ ಹಾಕಿದ ಸೀರೆ ಇದ್ದರೆ ಚೆನ್ನಾಗಿ ನೆನೆಸಿ ಗಂಜಿ ಪೂರ್ತಿ ಬಿಡಿಸಿ. ಬೆಳ್ಳಿಹುಳ ತಿನ್ನಲು ಬರುವುದೇ ಗಂಜಿಗೆ.

ಗವಂತಿ_ಮುರ್ಗಿ

ಟೈಲರ್ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಕತ್ತರಿ ಹಿಡಿಯುವ ಮೊದಲು ಒಂದು ಮಾತು ಅಕ್ಕಾ. ಅವ್ವನ ಸೀರೆಗಳಲ್ಲಿ ಇಳಕಲ್ ಇದ್ದೇ ಇರುತ್ತವೆ. ಅದರ ಸೆರಗು, ಮೈ ಎಲ್ಲ ಬೆಳಕಿನಲ್ಲಿ ಹಿಡಿದು ನೋಡಿ. ಸಣ್ಣ ತೇರು, ಗೋಪುರ, ತುಳಸಿ ಕಟ್ಟೆ, ಆನೆ, ನವಿಲು ಅಂತ ಕೈ ಕಸೂತಿ ಇದ್ದರೆ ಆ ಸೀರೆ ದಯವಿಟ್ಟು ಕತ್ತರಿಸಬೇಡಿ.

ನಾನು ಕಸೂತಿ ಕಲಿತು 9 ವರ್ಷ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಒಂದು ತೇರು ಎತ್ತಲು ನನಗೆ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡೇ ಹೋಗಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ತುಂಬುತ್ತೀರಿ, ವಾಪಸ್ ಬರುವಾಗ ಬಿಟ್ಟದ್ದು ತುಂಬುತ್ತೀರಿ. ಒಂದು ಎಳೆ ಎಣಿಕೆ ತಪ್ಪಿದರೆ ವಾಪಸ್ ಬರುವ ದಾರಿ ಸಿಗುವುದಿಲ್ಲ, ಅಲ್ಲಿವರೆಗೂ ಬಿಚ್ಚಲೇಬೇಕು. ಮುರ್ಗಿ ಅಂದರೆ ಅದೇ ಮೆಟ್ಟಿಲು ಮೆಟ್ಟಿಲಾಗಿ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಅಂದರೆ ಕ್ರಾಸ್ ಸ್ಟಿಚ್. ಗಂಟು ಎಲ್ಲೂ ಹಾಕುವ ಹಾಗಿಲ್ಲ.

ಕೈಯದೋ ಮಷೀನಿನದೋ ಅಂತ ತಿಳಿಯಲು ಸೀರೆ ತಿರುಗಿಸಿ ನೋಡಿ. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಹಿಂದೆ ಗಂಟು, ಉದ್ದುದ್ದ ದಾರ, ಅಂಟಿಸಿದ ಕಾಗದ ಇದ್ದರೆ ಅದು ಮಷೀನಿನದು. ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆದರೂ ಮಷೀನಿನದನ್ನೇ ಕಸೂತಿ ಅಂತ ಮಾರುವವರು ಜಾಸ್ತಿ. ನಾನೇ ಒಮ್ಮೆ ದುಡ್ಡು ಕೊಟ್ಟು ಮೋಸ ಹೋಗಿದ್ದೇನೆ.

ಸೀರೆಯ ಮೈ ಪೂರ್ತಿ ಜೀರ್ಣ ಆಗಿದ್ದರೆ ಸೆರಗು ಮಾತ್ರ ಉಳಿಸಿ. ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಕೈಯಲ್ಲಿ ಹೊಲಿದಿಟ್ಟರೆ ಇನ್ನೂ ಬಹಳ ವರ್ಷ ಬರುತ್ತದೆ. ಗೋಡೆಗೆ ಹಾಕಿದರೆ ಬಿಸಿಲು ಬೀಳುವ ಗೋಡೆ ಬೇಡ.

ಕಾಳಿ_ದಂಡೆ

ನಾನು ಹಳಿಯಾಳದವನು. ಇಲ್ಲಿ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಜನಾಂಗದ ತಾಯಂದಿರು ಹೊಲಿಯುವ ಕೌದಿಗೆ ಕವಂದಿ ಅನ್ನುತ್ತಾರೆ. ಆಫ್ರಿಕಾ ಮೂಲದವರು ಅಂತ ನಿಮಗೆಲ್ಲ ಗೊತ್ತು. ನಮ್ಮ ಮನೆ ಪಕ್ಕದಲ್ಲೇ ಒಬ್ಬ ಅಜ್ಜಿ ಇದ್ದರು, ಅವರು ಹೊಲಿಯುವುದು ನೋಡುತ್ತಲೇ ಬೆಳೆದೆ. ಅವರೂ ಒಂದು ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಿದ್ದರು. ಸಣ್ಣ ಸಣ್ಣ ತುಂಡು, ಕೆಂಪು ಪಕ್ಕ ಹಸಿರು, ಹಳದಿ ಪಕ್ಕ ನೀಲಿ, ಅಳತೆ ಪಟ್ಟಿ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಕೈಗೆ ಯಾವ ತುಂಡು ಸಿಕ್ಕಿತೋ ಅದನ್ನು ಇಟ್ಟು, ತಲೆ ಓರೆ ಮಾಡಿ ನೋಡಿ, ಸರಿ ಅನಿಸಿದರೆ ಅಂಚು ಮಡಚಿ ಹೊಲಿಯುತ್ತಿದ್ದರು. ಸರಿ ಅನಿಸದಿದ್ದರೆ ಆ ತುಂಡು ಮತ್ತೆ ಗಂಟಿಗೆ ಹೋಗುತ್ತಿತ್ತು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಡಚಿ ತ್ರಿಕೋನದ ಹಾಗೆ ಮಾಡಿ ಸೇರಿಸುತ್ತಾರೆ, ಅದಕ್ಕೆ ಫುಲಾ ಅಂತ ಹೆಸರು, ಹೂವು ಅಂತ ಅರ್ಥ. ಫುಲಾ ಇಲ್ಲದ ಕವಂದಿ ಬತ್ತಲೆ ಅನ್ನುತ್ತಿದ್ದರು ಆ ಅಜ್ಜಿ.

ರೊಟ್ಟಿ ವಿಷಯ ಓದಿ ಮೈ ಜುಂ ಅಂತು. ಆ ಅಜ್ಜಿ ಕೊನೆಯ ತುಂಡಿನ ಕೆಳಗೆ ನಾಲ್ಕು ಅಕ್ಕಿ ಕಾಳು ಇಡುತ್ತಿದ್ದರು! ಇಲ್ಲಿ ಗದ್ದೆ ನಾಡು, ಅದಕ್ಕೆ ಅಕ್ಕಿ. ನಿಮ್ಮ ಕಡೆ ಜೋಳ, ಅದಕ್ಕೆ ರೊಟ್ಟಿ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕವಂದಿಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ, ಹೊರದೇಶಗಳಲ್ಲಿ ಪ್ರದರ್ಶನಕ್ಕೂ ಹೋಗಿವೆ. ಮಗಳನ್ನು ಕರೆದುಕೊಂಡು ಒಮ್ಮೆ ಈ ಕಡೆ ಬನ್ನಿ ಅಕ್ಕಾ. ಹೊಲಿಯುವವರ ಪಕ್ಕ ಅರ್ಧ ದಿನ ಕೂತರೆ ಕೈ ತಾನಾಗಿ ಕಲಿಯುತ್ತದೆ.

ಹಾಸ್ಟೆಲ್_ಹುಡುಗ

ನಾನು ಹೊಲಿಯುವುದಿಲ್ಲ. ಪುಣೆಯಲ್ಲಿ ಓದುತ್ತಿದ್ದೇನೆ. ಅಜ್ಜಿ ಕೊಟ್ಟ ಕೌದಿ ತಂದಿದ್ದೇನೆ, ಬೇಸಿಗೆಯಲ್ಲಿ ಹಾಸಲು, ಚಳಿಗೆ ಹೊದೆಯಲು ಅದೊಂದೇ. ಇದನ್ನು ಒಗೆಯುವುದು ಹೇಗೆ? ಹಾಸ್ಟೆಲಿನ ವಾಷಿಂಗ್ ಮಷೀನಿಗೆ ಹಾಕಬಹುದಾ? ಮತ್ತೆ ಮಾದಲಿ ಹೇಗೆ ಮಾಡುವುದು ಅಂತ ಯಾರಾದರೂ ಬರೆಯಿರಿ, ಈ ಥ್ರೆಡ್ ಓದಿದ ಮೇಲೆ ತಡೆಯಲು ಆಗುತ್ತಿಲ್ಲ.

ಗುರೆಳ್ಳುಚಟ್ನಿ

ತಮ್ಮಾ, ಮಷೀನಿಗೆ ಹಾಕಬೇಡ. ನೀರು ಕುಡಿದ ಕೌದಿ ಭಾರ ಆಗುತ್ತದೆ, ತಿರುಗಿಸುವಾಗ ನೂಲು ಕಡಿಯುತ್ತದೆ. ದೊಡ್ಡ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಸೋಪಿನ ಪುಡಿ, ಅರ್ಧ ಗಂಟೆ ನೆನೆಸಿ ಕಾಲಿನಲ್ಲಿ ತುಳಿ. ಹಿಂಡಬೇಡ, ಹಾಗೇ ಕಟ್ಟೆಯ ಮೇಲೆ ಹಾಕು, ನೀರು ಇಳಿಯಲಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ಭಾರಕ್ಕೆ ಜಗ್ಗುತ್ತದೆ, ಎರಡು ಹಗ್ಗದ ಮೇಲೆ ಅಗಲವಾಗಿ ಹಾಸು. ಪೂರ್ತಿ ಒಣಗುವ ತನಕ ಮಡಚಬೇಡ. ಮಳೆಗಾಲದಲ್ಲಿ ಒಗೆಯಲೇಬೇಡ, ಬಿಸಿಲು ಬಿದ್ದ ದಿನ ಹಾಸಿ ಕೊಡವಿದರೆ ಸಾಕು.

ಮಾದಲಿ ಹಾಸ್ಟೆಲಿನಲ್ಲಿ ಹೇಗೆ ಮಾಡುತ್ತೀಯೋ ನನಗೆ ತಿಳಿಯದು, ರಜಕ್ಕೆ ಮನೆಗೆ ಹೋದಾಗ ಮಾಡು. ಗೋಧಿ, ಅದರ ಕಾಲು ಭಾಗ ಕಡಲೆಬೇಳೆ, ಒಂದು ಹಿಡಿ ಅಕ್ಕಿ ಬೇರೆ ಬೇರೆ ಹುರಿದು ಗಿರಣಿಯಲ್ಲಿ ತರಿತರಿಯಾಗಿ ಬೀಸಿಸು. ನುಣ್ಣಗೆ ಬೀಸಿಸಿದರೆ ಕೆಟ್ಟಿತು. ಬಿಸಿನೀರು ಹಾಕಿ ಗಟ್ಟಿ ಕಲಸಿ, ದಪ್ಪ ರೊಟ್ಟಿ ಮಾಡಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸು. ಬಿಸಿ ಇದ್ದಾಗಲೇ ಚೂರು ಮಾಡಿ ಪುಡಿ ಮಾಡು. ಆರಿದರೆ ಕಲ್ಲಾಗುತ್ತದೆ. ಎರಡು ಬಟ್ಟಲು ಪುಡಿಗೆ ಒಂದೂಕಾಲು ಬಟ್ಟಲು ಬೆಲ್ಲದ ಪುಡಿ. ಹುರಿದ ಗಸಗಸೆ, ಒಣಕೊಬ್ಬರಿ ತುರಿ, ಪುಟಾಣಿ, ಏಲಕ್ಕಿ, ಚಿಟಿಕೆ ಒಣಶುಂಠಿ. ಬಟ್ಟಲಿಗೆ ಹಾಕಿ ಮೇಲೆ ಬಿಸಿ ಹಾಲು, ತುಪ್ಪ. ತುಪ್ಪ ಕಡಿಮೆ ಮಾಡುವವರು ಮಾದಲಿ ಮಾಡಲೇಬಾರದು.

ಮೊದಲೆಲ್ಲ ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರು ನಮ್ಮ ಓಣಿಗೂ ಬರುತ್ತಿದ್ದರು. ಅವರಿಗೆ ದುಡ್ಡಿಗಿಂತ ಜಾಸ್ತಿ ಜೋಳ ಕೊಡುತ್ತಿದ್ದೆವು, ಹೊಲಿಯುವಷ್ಟು ದಿನ ಮಧ್ಯಾಹ್ನದ ಊಟ ನಮ್ಮದೇ. ಬರೀ ಹೊಟ್ಟೆಯಲ್ಲಿ ಯಾರನ್ನೂ ಕೌದಿ ಮೇಲೆ ಕೂರಿಸಬಾರದು ಅಂತ ಆಯಿ ಮೊದಲು ರೊಟ್ಟಿ, ಎಣ್ಣೆಗಾಯಿ, ಮೊಸರು ಇಟ್ಟು, ಅವರು ಉಂಡು ಕೈ ತೊಳೆದ ಮೇಲೆಯೇ ಬಟ್ಟೆ ಗಂಟು ಬಿಚ್ಚುತ್ತಿದ್ದರು.

ಕೌದಿ_ಮಗಳು

ಎಲ್ಲರಿಗೂ ಮತ್ತೆ ನಮಸ್ಕಾರ. ಏಳು ವಾರ ಆಯಿತು. ಇವತ್ತು ಮುಗಿಯಿತು.

ಟೈಲರ್ ಅಣ್ಣ ಹೇಳಿದ ಒಂದು ತಿಂಗಳು ಸಾಲಲಿಲ್ಲ, ಮೊದಲ ವಾರ ಹೊಲಿದದ್ದೆಲ್ಲ ಬಿಚ್ಚಿದೆ. ಅವ್ವನ ಟಾಕು ಅಕ್ಕಿ ಕಾಳಿನಷ್ಟು, ಎಲ್ಲವೂ ಒಂದೇ ಅಳತೆ. ನನ್ನದು ಒಂದು ಉದ್ದ, ಒಂದು ಗಿಡ್ಡ. ಪಕ್ಕದ ಫ್ಲ್ಯಾಟಿನ ಮಂಡ್ಯದ ಆಂಟಿ ಒಬ್ಬರು ಬಾಗಿಲು ತೆರೆದಿದ್ದಾಗ ನೋಡಿ ಒಳಗೆ ಬಂದರು. ಅವರಿಗೆ ಕೌದಿ ಹೊಸದು, ಆದರೆ ಕೈ ಹೊಲಿಗೆ ಚೆನ್ನಾಗಿ ಬರುತ್ತದೆ. ಆಮೇಲೆ ದಿನಾ ಸಂಜೆ ಬಂದು ಒಂದು ಬದಿ ಹಿಡಿದರು. ನಾನು ಗುರೆಳ್ಳು ಚಟ್ನಿ ರೊಟ್ಟಿ ಕೊಟ್ಟರೆ ಅವರು ಒಬ್ಬಟ್ಟಿನ ಸಾರು ತರುತ್ತಿದ್ದರು. ಈಗ ಕೌದಿ ನೋಡಿದರೆ ಎಲ್ಲಿ ಅವ್ವನ ಹೊಲಿಗೆ ನಿಂತಿತು, ಎಲ್ಲಿ ನನ್ನದು ಶುರು, ಆಂಟಿಯ ಬದಿ ಯಾವುದು, ಎಲ್ಲವೂ ಬೇರೆ ಬೇರೆ ಕಾಣುತ್ತದೆ. ಸರಿಪಡಿಸಲು ಹೋಗಲಿಲ್ಲ. ಸೂಜಿಯ ತುಕ್ಕಿನ ಮೇಲೆ ನನ್ನ ನಾಲ್ಕನೇ ಕ್ಲಾಸಿನ ಲಂಗದ ಹಸಿರು ತುಂಡು ಕೂತಿದೆ. ಇಳಕಲ್ ಎರಡು ಸಿಕ್ಕವು, ಒಂದರ ಸೆರಗಿನಲ್ಲಿ ಸಾಲು ಗೋಪುರ ಇವೆ, ತಿರುಗಿಸಿ ನೋಡಿದೆ, ಹಿಂದೆಯೂ ಹಾಗೇ. ಅದನ್ನು ಮುಟ್ಟಿಲ್ಲ.

ಇವತ್ತು ಬೆಳಿಗ್ಗೆ ಮಾದಲಿ ಮಾಡಿದೆ. ಮಾದಲಿಯ ರೊಟ್ಟಿ ಪುಡಿ ಮಾಡುವ ಮೊದಲು ಒಂದು ಚೂರು ತೆಗೆದು ಬಾಣಲೆಯಲ್ಲಿ ಗರಿಗರಿ ಆಗುವ ತನಕ ಒಣಗಿಸಿಟ್ಟಿದ್ದೆ. ಮೂಲೆಯೊಳಗೆ ಇಡಲು ಮಗಳಿಗೆ ಕೊಟ್ಟೆ. ಅವಳು ಕೈ ಹಾಕಿ, "ಅಮ್ಮಾ, ಒಳಗೆ ಏನೋ ಇದೆ" ಅಂದಳು. ತೆಗೆದು ನೋಡಿದರೆ ಸಣ್ಣ ಬಟ್ಟೆ ಗಂಟು. ಬಿಚ್ಚಿದೆ. ಆರು ಜೋಳದ ಕಾಳು. ಅವ್ವ ಆಗಲೇ ಇಟ್ಟಿದ್ದಳು, ಬಾಯಿ ಹೊಲಿಯುವುದೊಂದೇ ಬಾಕಿ ಇತ್ತು.

ಎರಡನ್ನೂ ಸೇರಿಸಿ ಒಳಗಿಟ್ಟು ಹೊಲಿದೆವು. ಫೋಟೋ ನಾಳೆ ಹಾಕುತ್ತೇನೆ, ಮಗಳು ಅದನ್ನು ಹೊದ್ದು ಮಲಗಿಬಿಟ್ಟಿದ್ದಾಳೆ.